ಜಪಾನಿನ ಹಳ್ಳಿ ಕಡೆ ಬರುವವರೇ, ಕಾರು ಹುಡುಕುವ ಮೊದಲು ಕಾಗದ ಸರಿಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಇಲ್ಲಿಗೆ ಬರುತ್ತಿರುವ ಇಬ್ಬರು ಗುಂಪಿನಲ್ಲಿ ಕೇಳಿದ್ದಾರೆ, ದುಡ್ಡು ಕೈಯಲ್ಲಿದ್ದರೆ ಬಂದ ವಾರವೇ ಕಾರು ತಗೊಳ್ಳಬಹುದಲ್ವಾ ಅಂತ. ಆಗಲ್ಲ. ಟೋಕಿಯೊದಲ್ಲಿರುವ ಗೆಳೆಯರು ಕಾರೇ ಬೇಡ, ರೈಲು ಸಾಕು ಎಂದು ಬರೆದಿದ್ದಾರೆ, ಅವರಿಗೆ ಅದು ನಿಜ. ನಾವಿರುವುದು ನಾಗಾನೊ ಪ್ರಾಂತ್ಯದ ಇನಾ ಕಣಿವೆಯಲ್ಲಿ. ಇಲ್ಲಿ ಓಡುವ ಈದಾ ಲೈನ್ ರೈಲು ನಿಧಾನ, ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಡೇಕೇರ್ ಒಂದು ಕಡೆ, ಮಕ್ಕಳ ಡಾಕ್ಟರ್ ಇನ್ನೊಂದು ಕಡೆ, ದಿನಸಿ ಅಂಗಡಿ ಮತ್ತೊಂದು ಕಡೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಇಲ್ಲಿ ಕಾರು ಅನುಕೂಲದ ಮಾತಲ್ಲ, ಅದಿಲ್ಲದೆ ಸಂಸಾರ ನಡೆಯುವುದೇ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ತಡವಾಗುವುದು ಕಾರು ಸಿಗದೆ ಅಲ್ಲ. ಕಾರು ಬೇಕಾದಷ್ಟಿವೆ, ಸೆಕೆಂಡ್ ಹ್ಯಾಂಡ್ ಕೂಡ ಚೆನ್ನಾಗಿರುತ್ತವೆ. 2023ರ ಅಕ್ಟೋಬರ್‌ನಿಂದ ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತಿನಲ್ಲಿ ಎಲ್ಲ ಖರ್ಚು ಸೇರಿಸಿದ ಒಟ್ಟು ಬೆಲೆಯನ್ನೇ ಹಾಕಬೇಕೆಂಬ ನಿಯಮ ಬಂದಿದೆ, ಹಾಗಾಗಿ ಬೆಲೆಯ ಗೊಂದಲವೂ ಕಡಿಮೆ. ತಡ ಮಾಡುವುದು ಕಾಗದಗಳು. ಒಂದು ಕಾಗದ ಸಿಗದೆ ಇನ್ನೊಂದು ಸಿಗಲ್ಲ, ಒಂದೊಂದು ಕಚೇರಿಯೂ ಒಂದೊಂದು ಊರಲ್ಲಿ, ಎಲ್ಲವೂ ವಾರದ ದಿನಗಳಲ್ಲಿ ಮಾತ್ರ. ಅಲ್ಲಿಗೆ ಹೋಗಲು ನಿಮ್ಮ ಹತ್ತಿರ ಕಾರಿಲ್ಲ!

ಮೊದಲು ವಿಳಾಸ. ನಾಗೊಯಾ, ನರಿತಾ, ಹನೆದಾದಂಥ ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿದರೆ ರೆಸಿಡೆನ್ಸ್ ಕಾರ್ಡ್, ಅಂದರೆ ಇಲ್ಲಿ ವಾಸಿಸುವವರ ಗುರುತಿನ ಚೀಟಿ, ಅಲ್ಲೇ ಕೈಗೆ ಕೊಡುತ್ತಾರೆ. ಸಣ್ಣ ನಿಲ್ದಾಣದಲ್ಲಿ ಇಳಿದರೆ ಆಮೇಲೆ ಅಂಚೆಯಲ್ಲಿ ಬರುತ್ತದೆ. ಟಿಕೆಟ್ ಅಗ್ಗ ಅಂತ ಸಣ್ಣ ನಿಲ್ದಾಣಕ್ಕೆ ಬರಬೇಡಿ. ಮನೆ ಸೇರಿದ 14 ದಿನದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ಬರೆಸಬೇಕು. 14 ದಿನ ಇದೆಯಲ್ಲ ಅಂತ ಕೂರದೆ ಮಾರನೇ ದಿನವೇ ಹೋಗಿ. ಅಲ್ಲಿ ಸಿಗುವ ಜೂಮಿನ್‌ಹ್ಯೋ ಎಂಬ ವಾಸದ ಪತ್ರ ಇಲ್ಲದೆ ಮುಂದಿನ ಯಾವ ಕೆಲಸವೂ ಆಗಲ್ಲ.

ಇನ್ನು ಹೆಸರು. ನಮ್ಮ ಕಡೆಯವರಿಗೆ ಅತಿ ಜಾಸ್ತಿ ತೊಂದರೆ ಆಗುವುದು ಇದರಲ್ಲೇ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ 'ಮಂಜುನಾಥ ಕೋಡಿಹಳ್ಳಿ ಶಿವಣ್ಣ' ಎಂದು ಬಿಡಿಸಿ ಬರೆದಿರುತ್ತಾರೆ, ಆರ್‌ಟಿಓ ಕೊಟ್ಟ ಲೈಸೆನ್ಸಿನಲ್ಲಿ 'ಮಂಜುನಾಥ ಕೆ ಎಸ್'. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿರುತ್ತದೆ, ಲೈಸೆನ್ಸಿನಲ್ಲಿ ಅಪ್ಪನ ಇನಿಷಿಯಲ್ ಹಾಗೇ ಉಳಿದಿರುತ್ತದೆ. ಊರಿನಲ್ಲಿ ಇದನ್ನು ಯಾರೂ ಕೇಳಲ್ಲ. ಇಲ್ಲಿ ಪ್ರತಿ ಅಕ್ಷರ ನೋಡುತ್ತಾರೆ, ಇಬ್ಬರೂ ಒಬ್ಬರೇ ಎಂದು ತೋರಿಸಿ ಅನ್ನುತ್ತಾರೆ. ಅವರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ, ಹಳ್ಳಿ ಕಚೇರಿಯ ಆ ಗುಮಾಸ್ತರು ಮೂರು ಪದದ ಹೆಸರನ್ನು ಮೊದಲ ಸಲ ನೋಡುತ್ತಿರಬಹುದು. ಹೊರಡುವ ಮುಂಚೆಯೇ ಲೈಸೆನ್ಸ್ ಮತ್ತು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಎರಡರಲ್ಲೂ ಹೆಸರನ್ನು ಪಾಸ್‌ಪೋರ್ಟಿನಂತೆ ಮಾಡಿಸಿಕೊಳ್ಳಿ. ಊರಿನಲ್ಲಿದ್ದಾಗ ಇದು ಓಡಾಟದ ಕೆಲಸ ಅಷ್ಟೇ, ಇಲ್ಲಿಗೆ ಬಂದಮೇಲೆ ಮಾಡಿಸುವುದು ನಿಜಕ್ಕೂ ಕಷ್ಟ.

ಇಲ್ಲಿ ಬಂದ ಮೇಲೆ ನಿಮ್ಮ ಹೆಸರನ್ನು ಕಾತಾಕಾನಾ ಎಂಬ ಜಪಾನಿ ಲಿಪಿಯಲ್ಲೂ ಬರೆಸಬೇಕಾಗುತ್ತದೆ. ಬ್ಯಾಂಕಿನವರು ಒಂದು ಥರ, ವಿಮೆಯವರು ಇನ್ನೊಂದು ಥರ ಬರೆದುಕೊಂಡು ಬಿಡುತ್ತಾರೆ. ವಿಳಾಸ ಬರೆಸುವ ದಿನವೇ ಜೂಮಿನ್‌ಹ್ಯೋದಲ್ಲಿ ಕಾತಾಕಾನಾ ಹೆಸರನ್ನೂ ಸೇರಿಸಿ ಅಂತ ಕೇಳಿ, ಆಮೇಲೆ ಎಲ್ಲ ಕಡೆ ಅದನ್ನೇ ತೋರಿಸಿ. ಸಾಮಾನ್ಯ ಕಾರು, ಅಂದರೆ ಬಿಳಿ ನಂಬರ್ ಪ್ಲೇಟಿನದು ಕೊಳ್ಳಲು ನೋಂದಾಯಿತ ಮುದ್ರೆ, ಅಂದರೆ ಸಹಿಯ ಬದಲು ಒತ್ತುವ ಹೆಸರಿನ ಮೊಹರನ್ನು ಊರಿನ ಕಚೇರಿಯಲ್ಲಿ ಬರೆಸಿದ್ದು ಬೇಕು, ಅದರ ಸರ್ಟಿಫಿಕೇಟ್ ತೆಗೆಸಿ ಮೂರು ತಿಂಗಳು ದಾಟಿರಬಾರದು. ಜೂಮಿನ್‌ಹ್ಯೋದಲ್ಲಿ ಕಾತಾಕಾನಾ ಇಲ್ಲದಿದ್ದರೆ ಕಾತಾಕಾನಾದಲ್ಲಿ ಕೆತ್ತಿಸಿದ ಮುದ್ರೆಯನ್ನು ನೋಂದಾಯಿಸಿಕೊಳ್ಳುವುದಿಲ್ಲ. ಮುದ್ರೆ ಮಾಡಿಸಿ ದುಡ್ಡು ಕೊಟ್ಟಮೇಲೆ ಇದು ಗೊತ್ತಾದವರು ನಮ್ಮ ಗುಂಪಿನಲ್ಲೇ ಇದ್ದಾರೆ.

ಆಮೇಲೆ ಕಾರು ನಿಲ್ಲಿಸುವ ಜಾಗದ ಪತ್ರ. ಶಾಕೊ ಶೋಮೇ ಅನ್ನುತ್ತಾರೆ, ಕೊಡುವುದು ಪೊಲೀಸ್ ಠಾಣೆ. 1962ರಲ್ಲಿ ಬಂದ ಕಾನೂನು ಇದು. ಮನೆಯಿಂದ ನೇರ ಗೆರೆಯಲ್ಲಿ 2 ಕಿಲೋಮೀಟರ್ ಒಳಗೆ, ರಸ್ತೆ ಬಿಟ್ಟು, ನಿಮ್ಮದೇ ಅಂತ ಒಂದು ಜಾಗ ಇರಬೇಕು. ಅದರ ನಕ್ಷೆ ಬರೆದು ಉದ್ದ, ಅಗಲ, ಮುಂದಿನ ರಸ್ತೆಯ ಅಗಲ ಎಲ್ಲ ಹಾಕಬೇಕು. ಬೆಂಗಳೂರಿನ ರಸ್ತೆಗಳನ್ನು ನೋಡಿದವರಿಗೆ ಈ ನಿಯಮದ ಬೆಲೆ ಗೊತ್ತು, ನಾನಂತೂ ಇದನ್ನು ಮೆಚ್ಚುತ್ತೇನೆ. ಆದರೆ ಹಳ್ಳಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಜಾಗದ ಒಪ್ಪಿಗೆಯಲ್ಲಿ. ಬಾಡಿಗೆ ಮನೆಯ ಮಾಲೀಕರು ವಯಸ್ಸಾದವರು, ಜಾಗ ತೀರಿಹೋದ ಅಪ್ಪನ ಹೆಸರಲ್ಲೇ ಇರಬಹುದು, ಅಣ್ಣ ಒಸಾಕಾದಲ್ಲಿದ್ದಾರೆ ಅವರನ್ನು ಕೇಳಬೇಕು ಅನ್ನಬಹುದು. ಪಿತ್ರಾರ್ಜಿತ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲೇಬೇಕೆಂಬ ಕಾನೂನು ಜಾರಿಯಾಗಿದ್ದೇ 2024ರ ಏಪ್ರಿಲ್‌ನಲ್ಲಿ, ಹಾಗಾಗಿ ಹಳೆಯ ಖಾಲಿ ಮನೆ ಹಿಡಿಯುವವರು ಇದನ್ನು ಮೊದಲೇ ವಿಚಾರಿಸಿ. ಕಂಪನಿ ಕೊಟ್ಟ ಮನೆಯಾದರೆ ಒಪ್ಪಿಗೆ ಪತ್ರ ಹೆಡ್ ಆಫೀಸಿಗೆ ಹೋಗಿ ಮುದ್ರೆ ಬಿದ್ದು ಅಂಚೆಯಲ್ಲಿ ವಾಪಸ್ ಬರಬೇಕು, ನಮಗೆ ಅತಿ ಜಾಸ್ತಿ ಕಾಯಿಸಿದ್ದು ಇದೇ. ಬಾಡಿಗೆ ಕರಾರಿನಲ್ಲೇ ಪಾರ್ಕಿಂಗ್ ಜಾಗ ಬರೆದಿದ್ದರೆ ಅದರ ನಕಲನ್ನು ಒಪ್ಪುವ ಠಾಣೆಗಳಿವೆ, ಹಾಗಾಗಿ ಕರಾರಿಗೆ ಸಹಿ ಹಾಕುವಾಗಲೇ ಬರೆಸಿಬಿಡಿ.

ಅರ್ಜಿ ಕೊಟ್ಟಮೇಲೆ ಪತ್ರ ಸಿಗಲು ಸಾಮಾನ್ಯವಾಗಿ 3 ದಿನದಿಂದ ಒಂದು ವಾರ. ಅದಕ್ಕೂ ಅವಧಿ ಇದೆ, ಸುಮಾರು ಒಂದು ತಿಂಗಳು. ಅಷ್ಟರಲ್ಲಿ ಮುದ್ರೆಯ ಸರ್ಟಿಫಿಕೇಟ್ ಬರದಿದ್ದರೆ ಮತ್ತೆ ಮೊದಲಿಂದ ಶುರು. ಕೊನೆಗೆ ನೋಂದಣಿ. ನಾಗಾನೊದಲ್ಲಿ ಅದಕ್ಕಿರುವುದು ನಾಗಾನೊ ಮತ್ತು ಮತ್ಸುಮೊತೊ ನಗರದ ಕಚೇರಿಗಳು. ದಕ್ಷಿಣದ ಈದಾ ಕಡೆಯವರೂ ಮತ್ಸುಮೊತೊಗೇ ಹೋಗಬೇಕು. ಡೀಲರ್ ಶುಲ್ಕ ತಗೊಂಡು ಮಾಡಿಸಿಕೊಡುತ್ತಾರೆ. ಚಿಕ್ಕ ಮಕ್ಕಳಿದ್ದರೆ ಆ ಶುಲ್ಕ ಉಳಿಸಲು ಹೋಗಬೇಡಿ.

ಕಾಲವನ್ನೂ ನೋಡಿಕೊಳ್ಳಿ. ಏಪ್ರಿಲ್ 1ರಂದು ಕಾರು ಯಾರ ಹೆಸರಲ್ಲಿದೆಯೋ ಅವರಿಗೆ ಆ ವರ್ಷದ ತೆರಿಗೆ, ಅದಕ್ಕೇ ಮಾರ್ಚ್ ಕೊನೆಗೆ ನೋಂದಣಿ ಕಚೇರಿ ತುಂಬಿ ತುಳುಕುತ್ತದೆ. ಏಪ್ರಿಲ್ ಕೊನೆಗೆ ಗೋಲ್ಡನ್ ವೀಕ್ ಎಂಬ ಸಾಲು ರಜೆ ಶುರು, ಕಚೇರಿಗಳು ಮುಚ್ಚಿರುತ್ತವೆ. ನಮ್ಮವರು ಬರುವುದು ಸರಿಯಾಗಿ ಇದರ ನಡುವೆ.

ಹಾಗಾದರೆ ಏನು ಮಾಡುವುದು? ನನ್ನ ಮಾತು ಸ್ಪಷ್ಟ: ಮೊದಲ ಕಾರು ಕೇ ಕಾರೇ ಆಗಲಿ, ಅಂದರೆ ಹಳದಿ ಪ್ಲೇಟಿನ ಪುಟ್ಟ ಕಾರು. ಎಂಜಿನ್ 660 ಸಿಸಿ, ಉದ್ದ 3.4 ಮೀಟರ್ ಮೀರಲ್ಲ, ನಾಲ್ಕು ಜನ ಕೂರಬಹುದು. ನಮ್ಮೂರಲ್ಲಿ ನೋಡಿದ ವ್ಯಾಗನ್ ಆರ್ ಇಲ್ಲಿ 1993ರಲ್ಲಿ ಹುಟ್ಟಿದ್ದೇ ಕೇ ಕಾರಾಗಿ. ಇದಕ್ಕೆ ನೋಂದಾಯಿತ ಮುದ್ರೆ ಬೇಡ, ಜೂಮಿನ್‌ಹ್ಯೋ ಸಾಕು. ಹಳ್ಳಿ ಕಡೆ ಜಾಗದ ಪತ್ರವೂ ಬೇಡ, ದೊಡ್ಡ ನಗರಗಳಲ್ಲಿ ಮಾತ್ರ ಕೊಂಡಮೇಲೆ ತಿಳಿಸಬೇಕು. ವರ್ಷದ ತೆರಿಗೆ 10,800 ಯೆನ್, 13 ವರ್ಷ ದಾಟಿದ ಕಾರಿಗೆ 12,900. ಅಂದಹಾಗೆ, ನಿಮ್ಮ ವಿಳಾಸ 'ಮುರಾ', ಅಂದರೆ ಹಳ್ಳಿ ಅಂತಿದ್ದರೆ ದೊಡ್ಡ ಕಾರಿಗೂ ಜಾಗದ ಪತ್ರದ ವಿನಾಯಿತಿ ಇರಬಹುದು, ಠಾಣೆಯಲ್ಲಿ ಕೇಳಿ.

ಮಕ್ಕಳಿಗೆ ಕೇ ಕಾರು ಸುರಕ್ಷಿತವಲ್ಲ ಅಂತ ಒಬ್ಬರು ಬರೆದಿದ್ದರು. ಆ ಕಾಳಜಿ ನನಗೂ ಇದೆ. ದಿನಾ ಹೈವೇಯಲ್ಲಿ ನಾಗೊಯಾಗೆ ಹೋಗುವವರು ದೊಡ್ಡದನ್ನೇ ತಗೊಳ್ಳಲಿ. ಹಳ್ಳಿಯ ಕಿರಿದಾದ ರಸ್ತೆಯಲ್ಲಿ ಡೇಕೇರ್ ಮತ್ತು ಆಸ್ಪತ್ರೆಗೆ ಓಡಾಡಲು, ಇತ್ತೀಚಿನ ಮಾಡೆಲ್, ಫೋರ್ ವೀಲ್ ಡ್ರೈವ್, ಚಳಿಗಾಲಕ್ಕೆ ಹಿಮದ ಟೈರು, ಸರಿಯಾಗಿ ಕಟ್ಟಿದ ಚೈಲ್ಡ್ ಸೀಟ್ ಇದ್ದರೆ ಒಂದೆರಡು ವರ್ಷ ನೆಮ್ಮದಿಯಾಗಿ ಕಳೆಯುತ್ತದೆ. 6 ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ 2000ದಿಂದ ಕಡ್ಡಾಯ. ತೊಡೆ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ದಯವಿಟ್ಟು ಊರಲ್ಲೇ ಬಿಟ್ಟು ಬನ್ನಿ.

ಲೈಸೆನ್ಸ್ ಬಗ್ಗೆ ಕೊನೆಯದಾಗಿ. ಇಂಟರ್‌ನ್ಯಾಷನಲ್ ಪರ್ಮಿಟ್ ಇಲ್ಲಿ ಇಳಿದ ದಿನದಿಂದ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಆಮೇಲೆ ಜಪಾನ್ ಲೈಸೆನ್ಸ್ ಬೇಕೇಬೇಕು, ಭಾರತದವರಿಗೆ ಪರೀಕ್ಷೆಯಿಂದ ವಿನಾಯಿತಿ ಇಲ್ಲ. 2025ರ ಅಕ್ಟೋಬರ್‌ನಿಂದ ಇದು ಬಿಗಿಯಾಗಿದೆ. ಮುಂಚೆ 10 ಪ್ರಶ್ನೆಗೆ 7 ಸರಿ ಇದ್ದರೆ ಸಾಕಿತ್ತು, ಈಗ 50ಕ್ಕೆ 45 ಸರಿ ಇರಬೇಕು, ಓಡಿಸುವ ಪರೀಕ್ಷೆಯೂ ಕಷ್ಟವಾಗಿದೆ. ಲೈಸೆನ್ಸ್ ಪಡೆದ ಮೇಲೆ ಮೂರು ತಿಂಗಳು ಭಾರತದಲ್ಲೇ ಇದ್ದಿರಿ ಅಂತ ತೋರಿಸಬೇಕು, ಅದಕ್ಕೆ ಹಳೆಯ ಪಾಸ್‌ಪೋರ್ಟ್ ಎಸೆಯಬೇಡಿ. ಒಂದು ವರ್ಷ ಇದೆಯಲ್ಲ ಅಂತ ಬಿಡದೆ ಬಂದು ಆರು ತಿಂಗಳೊಳಗೆ ಅರ್ಜಿ ಹಾಕಿ. ಗಂಡ ಹೆಂಡತಿ ಇಬ್ಬರೂ ಹಾಕಿ. ಒಬ್ಬರಿಗೆ ಮಾತ್ರ ಲೈಸೆನ್ಸ್ ಇದ್ದು ಅವರು ಕೆಲಸಕ್ಕೆ ಹೋದರೆ ಮನೆಯಲ್ಲಿರುವವರು ಮಗುವಿನ ಜೊತೆ ನಾಲ್ಕು ಗೋಡೆಯೊಳಗೆ ಉಳಿದುಬಿಡುತ್ತಾರೆ. ಇಲ್ಲಿಗೆ ಬಂದು ಮಂಕಾದ ನಮ್ಮ ಎಷ್ಟೋ ಹೆಣ್ಣುಮಕ್ಕಳ ಕಷ್ಟದ ಮೂಲ ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಾರು ಬರುವವರೆಗೆ ಡೀಲರ್ ಹತ್ತಿರ ದೈಶಾ, ಅಂದರೆ ತಾತ್ಕಾಲಿಕ ಕಾರು ಕೇಳಿ. ಅದಕ್ಕೆ ಯಾವ ವಿಮೆ ಇದೆ, ನಿಮ್ಮ ಪರ್ಮಿಟ್ ನಡೆಯುತ್ತದಾ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಎಷ್ಟೋ ಊರುಗಳಲ್ಲಿ ಫೋನ್ ಮಾಡಿ ಕರೆಸುವ ಡಿಮ್ಯಾಂಡ್ ಬಸ್ ಇದೆ, ಅದರ ಹೆಸರು ನೋಂದಣಿಯನ್ನೂ ವಿಳಾಸ ಬರೆಸುವ ದಿನವೇ ಮುಗಿಸಿ. ಏಪ್ರಿಲ್‌ಗೆ ಬರುವವರು ನಿಮ್ಮ ಊರಿನ ಹೆಸರು, ಮಕ್ಕಳ ವಯಸ್ಸು ಇಲ್ಲಿ ಹಾಕಿ, ಯಾವ ಠಾಣೆ, ಯಾವ ಕಚೇರಿ ಅಂತ ನೋಡಿ ಹೇಳುತ್ತೇನೆ. ಜಾಗದ ನಕ್ಷೆ ಬರೆಯಲು ನನ್ನ ಅರ್ಜಿಯ ನಕಲು ಬೇಕಿದ್ದರೆ ಅದನ್ನೂ ಕೊಡುತ್ತೇನೆ.