ಕೆಂಡೋದ ಕ್ಯೂ, ದಾನ್, ಕ್ಯೋಶಿ: ಕನ್ನಡದಲ್ಲಿ ಹೇಗೆ ಬರೆಯುವುದು?

ಪ್ರಶ್ನೆ

ಬಿದಿರಿನ ಕತ್ತಿ ಹಿಡಿದು ಸೆಣಸುವ ಜಪಾನಿನ ಕೆಂಡೋ ಕಲೆಯ ತರಬೇತಿಯ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕ್ಯೂ (ಕೆಳಹಂತದ ಮಟ್ಟ), ಡಾನ್ (ಅದರ ಮೇಲಿನ ಮಟ್ಟ), ಕ್ಯೋಶಿ ಇವುಗಳ ಬಗೆಗಿನ ಈ ನಾಲ್ಕು ವಾಕ್ಯಗಳು ಸರಿಬರುತ್ತಿಲ್ಲ:

“ಹೊಸಬರು ಆರನೇ ಶ್ರೇಯಾಂಕದಿಂದ ಒಂದನೇ ಶ್ರೇಯಾಂಕಕ್ಕೆ ಇಳಿಯುತ್ತಾರೆ.”
“ಅವರು ನಾಲ್ಕನೇ ಡಾನ್ ಬ್ಲ್ಯಾಕ್ ಬೆಲ್ಟ್.”
“ಪರೀಕ್ಷೆಯಲ್ಲಿ ಎರಡೂ ಪಂದ್ಯ ಗೆದ್ದು ಐದನೇ ಡಾನ್ ಪದವಿ ಪಡೆದರು.”
“ಏಳನೇ ಡಾನ್ ಆದ ಮೇಲೆ ಕ್ಯೋಶಿ ರ್ಯಾಂಕ್‌ಗೆ ಬಡ್ತಿ ಸಿಕ್ಕಿತು.”

ಶ್ರೇಯಾಂಕ, ಶ್ರೇಣಿ, ದರ್ಜೆ, ಪದವಿ, ಬಿರುದು ಇವುಗಳಲ್ಲಿ ಯಾವುದು ಎಲ್ಲಿಗೆ ಹೊಂದುತ್ತದೆ? ಮೂಲಪದವನ್ನೇ ಉಳಿಸುವುದಾದರೆ ಕಾಗುಣಿತ ಹೇಗಿರಬೇಕು? ‘ಕತಾ’ ಎಂಬ ಪದವೂ ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ.

ಉತ್ತರ

ಮೊದಲು ಬ್ಲ್ಯಾಕ್ ಬೆಲ್ಟನ್ನು ತೆಗೆದುಹಾಕಿ. ಅದು ಜೂಡೊ, ಕರಾಟೆಯ ಮಾತು. ಕೆಂಡೋದಲ್ಲಿ ಬಣ್ಣದ ಬೆಲ್ಟೂ ಇಲ್ಲ, ಮಟ್ಟ ತೋರಿಸುವ ಬೇರೆ ಗುರುತೂ ಇಲ್ಲ. ನೋಡಿದ ಮಾತ್ರಕ್ಕೆ ಯಾರು ಎಷ್ಟನೇ ದಾನ್ ಎಂದು ಗೊತ್ತಾಗುವುದಿಲ್ಲ. ಸೊಂಟಕ್ಕೆ ಕಟ್ಟುವ ‘ತರೆ’ ಎಂಬ ರಕ್ಷಾಪಟ್ಟಿಯ ಮುಂಭಾಗಕ್ಕೆ ಒಂದು ಬಟ್ಟೆಯ ಹೊದಿಕೆ ತೊಡಿಸುತ್ತಾರೆ. ಅದರ ಮೇಲೆ ಆ ವ್ಯಕ್ತಿಯ ಹೆಸರು ಮತ್ತು ಊರಿನ ಇಲ್ಲವೇ ಡೋಜೋದ (ತರಬೇತಿ ಶಾಲೆಯ) ಹೆಸರು ಮಾತ್ರ ಇರುತ್ತದೆ. ಪರೀಕ್ಷೆಯ ದಿನ ಅದನ್ನೂ ಬಿಚ್ಚಿಟ್ಟು ಬರೀ ಸಂಖ್ಯೆ ಹಚ್ಚಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಎರಡನೇ ವಾಕ್ಯ “ಅವರು ನಾಲ್ಕನೇ ದಾನ್‌ನವರು” ಎಂದಾದರೆ ಸಾಕು.

ಶ್ರೇಯಾಂಕವೂ ಬೇಡ. ಟೆನಿಸ್, ಕ್ರಿಕೆಟ್ ಸುದ್ದಿಗಳಿಂದಾಗಿ ಕನ್ನಡದಲ್ಲಿ ಈ ಪದಕ್ಕೆ ಒಂದು ಖಚಿತ ಅರ್ಥ ಬಂದಿದೆ: ಬೇರೆಯವರೊಡನೆ ಹೋಲಿಸಿ ಕೊಡುವ ಸ್ಥಾನ, ಇವತ್ತು ಏರಿ ನಾಳೆ ಇಳಿಯುವಂಥದ್ದು. ಕೆಂಡೋದ ಮಟ್ಟ ಹಾಗಲ್ಲ. ಒಮ್ಮೆ ತೇರ್ಗಡೆಯಾದರೆ ಅದು ಆ ವ್ಯಕ್ತಿಯದೇ. ಪಂದ್ಯಗಳಲ್ಲಿ ಸೋತರೂ, ಎಷ್ಟು ವರ್ಷ ಅಭ್ಯಾಸ ಬಿಟ್ಟರೂ ಅದು ಇಳಿಯುವುದಿಲ್ಲ. ‘ರ್ಯಾಂಕ್’ ಕೂಡ ನಮ್ಮಲ್ಲಿ “ರ್ಯಾಂಕ್ ಬಂದ ಹುಡುಗಿ” ಎಂಬ ಅರ್ಥಕ್ಕೆ ವಾಲಿದೆ. ಪದವಿ ಎಂದರೆ ಓದುಗರಿಗೆ ಬಿ.ಎ., ಬಿ.ಎಸ್ಸಿ. ನೆನಪಾಗುತ್ತದೆ.

ಕ್ಯೂ ಎಂಬುದಕ್ಕೆ ‘ದರ್ಜೆ’ ಚೆನ್ನಾಗಿ ಹೊಂದುತ್ತದೆ. ಕಾರಣ ಎಣಿಕೆಯ ದಿಕ್ಕಿನಲ್ಲಿದೆ. ಜಪಾನಿನಲ್ಲಿ ಹೊಸಬರು ಸಾಮಾನ್ಯವಾಗಿ ಆರನೇ ಕ್ಯೂನಿಂದ ಶುರುಮಾಡಿ ಐದು, ನಾಲ್ಕು ಎಂದು ಒಂದನೇ ಕ್ಯೂಗೆ ಬರುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಮಟ್ಟ ದೊಡ್ಡದು. ಪ್ರಥಮ ದರ್ಜೆ ಸಹಾಯಕರು ದ್ವಿತೀಯ ದರ್ಜೆ ಸಹಾಯಕರಿಗಿಂತ ಮೇಲೆ ಎಂದು ನಮ್ಮ ಕಚೇರಿಗಳಿಗೆ ಹೋಗಿ ಬಂದವರಿಗೆಲ್ಲ ಗೊತ್ತು. ದರ್ಜೆ ಎಂದೊಡನೆ ಓದುಗರ ಮನಸ್ಸು ಆ ದಿಕ್ಕಿನಲ್ಲೇ ಎಣಿಸುತ್ತದೆ, ವಿವರಣೆ ಬೇಕಾಗುವುದಿಲ್ಲ. ‘ಇಳಿಯುತ್ತಾರೆ’ ಎಂಬ ಕ್ರಿಯಾಪದವಂತೂ ತಪ್ಪೇ. “ಆರನೇ ದರ್ಜೆಯಿಂದ ಒಂದನೇ ದರ್ಜೆಗೆ ಏರುತ್ತಾರೆ” ಎನ್ನಿ. ‘ಕ್ಯೂ’ ಎಂದೇ ಉಳಿಸಿದರೆ ಇನ್ನೊಂದು ತೊಡಕಿದೆ. ಕ್ಯೂ ನಿಲ್ಲುವುದು ನಮಗೆ ದಿನನಿತ್ಯದ ಮಾತಾದ್ದರಿಂದ “ಮೂರನೇ ಕ್ಯೂನಲ್ಲಿದ್ದಾನೆ” ಎಂದರೆ ಟಿಕೆಟ್ ಕೌಂಟರ್ ಕಣ್ಣಿಗೆ ಬರುತ್ತದೆ. ಮೊದಲ ಬಾರಿ “ಕ್ಯೂ ಎಂಬ ಕೆಳಹಂತದ ದರ್ಜೆ” ಎಂದು ಪರಿಚಯಿಸಿ ಮುಂದೆ ದರ್ಜೆ ಎಂದೇ ಬಳಸಿ.

ದಾನ್ ಎಣಿಕೆಯ ದಿಕ್ಕು ಇದಕ್ಕೆ ತಿರುವುಮುರುವು: ಒಂದರಿಂದ ಎಂಟರವರೆಗೆ ಮೇಲಕ್ಕೆ. ಆದ್ದರಿಂದ ಅದಕ್ಕೂ ದರ್ಜೆ ಎಂದು ಬರೆದರೆ “ಒಂದನೇ ದರ್ಜೆಯಿಂದ ಎಂಟನೇ ದರ್ಜೆಗೆ” ಹೋದವರು ಕೆಳಗಿಳಿದಂತೆ ಕೇಳಿಸುತ್ತದೆ. ಮೂಲದಲ್ಲಿ ದಾನ್ ಎಂದರೆ ಹಂತ, ಮೆಟ್ಟಿಲು. ‘ಮೆಟ್ಟಿಲು’ ಎಂದರೂ ಅರ್ಥ ಕೆಡದು, ಆದರೆ ಜೂಡೊ, ಕರಾಟೆಯಿಂದ ಮೂಲಪದವೇ ಬಳಕೆಗೆ ಬಂದಿರುವುದರಿಂದ ಅದನ್ನು ಉಳಿಸುವುದೇ ಲೇಸು.

ಕಾಗುಣಿತದ ವಿಷಯ. ಜಪಾನಿ ಭಾಷೆಯಲ್ಲಿ ಡಕಾರವಿಲ್ಲ, ಇರುವುದು ದಕಾರ. ‘ಡಾನ್’ ಎಂದರೆ ಭೂಗತಲೋಕದ ನೆನಪು ಬೇರೆ. ಸ್ವರ ಹ್ರಸ್ವವೆಂದು ‘ದನ್’ ಎಂದು ಬರೆದರೆ ವಿಭಕ್ತಿ ಸೇರುವಾಗ ದನಕರುವಿನ ಹತ್ತಿರ ಹೋಗುತ್ತದೆ. ‘ದಾನ್’ ಕಣ್ಣಿಗೆ ಹಿತ, ಉಚ್ಚಾರಕ್ಕೂ ಸಾಕಷ್ಟು ಹತ್ತಿರ. ಆದರೆ “ದಾನ್ ಕೊಟ್ಟರು”, “ದಾನ್ ಮಾಡಿದರು” ಎಂದು ಬರೆಯಬೇಡಿ. “ದಾನ್‌ಗೆ ತೇರ್ಗಡೆಯಾದರು” ಎನ್ನಿ. ಜಪಾನಿ ಎಣಿಕೆಪದಗಳನ್ನೂ ಹಾಗೇ ತರಬೇಡಿ. ಎರಡನೆಯದು ‘ನಿದಾನ್’, ಮೂರನೆಯದು ‘ಸಂದಾನ್’. ಕರಡು ತಿದ್ದುವವರು ಅವನ್ನು ನಿಧಾನ, ಸಂಧಾನ ಎಂದು ತಿದ್ದಿಯೇ ತೀರುತ್ತಾರೆ. ಮೊದಲನೆಯದಕ್ಕೆ ಮಾತ್ರ ‘ಶೊದಾನ್’ ಎಂಬ ಪ್ರತ್ಯೇಕ ಹೆಸರಿರುವುದನ್ನು ಒಮ್ಮೆ ಹೇಳಬೇಕು. ಅಲ್ಲಿನ ‘ಶೊ’ ಎಂದರೆ ‘ಒಂದು’ ಅಲ್ಲ, ‘ಆರಂಭ’. ಶೊದಾನ್ ಆದವರನ್ನು ‘ಪರಿಣತ’ರೆಂದು ಬರೆಯುವುದು ತಪ್ಪಾಗುವುದು ಇದಕ್ಕೇ: ಆ ಹಂತದಲ್ಲಿ ನೋಡುವುದು ಮೂಲಪಾಠ ಕೈಗೆ ಹತ್ತಿದೆಯೇ ಎಂಬುದನ್ನು.

ಅಖಿಲ ಜಪಾನ್ ಕೆಂಡೋ ಒಕ್ಕೂಟ 1952ರಲ್ಲಿ, ಅಂತರರಾಷ್ಟ್ರೀಯ ಕೆಂಡೋ ಒಕ್ಕೂಟ 1970ರಲ್ಲಿ ಹುಟ್ಟಿದವು. ಜಪಾನಿನ ನಿಯಮದಲ್ಲಿ ಶೊದಾನ್‌ಗೆ ಕೂರಲು ಒಂದನೇ ಕ್ಯೂ ಆಗಿರಬೇಕು, 13 ವರ್ಷ ತುಂಬಿರಬೇಕು. ಅಲ್ಲಿಂದ ಎರಡನೇ ದಾನ್‌ಗೆ 1 ವರ್ಷ, ಮೂರಕ್ಕೆ 2, ನಾಲ್ಕಕ್ಕೆ 3, ಐದಕ್ಕೆ 4, ಆರಕ್ಕೆ 5, ಏಳಕ್ಕೆ 6 ವರ್ಷ ಕಾಯಬೇಕು. ಏಳರಿಂದ ಎಂಟಕ್ಕೆ 10 ವರ್ಷ, ಜೊತೆಗೆ ವಯಸ್ಸು 46 ಆಗಿರಬೇಕು. ಕೂಡಿದರೆ 31 ವರ್ಷ. 13ಕ್ಕೇ ಶೊದಾನ್ ಆಗಿ ಒಮ್ಮೆಯೂ ತಪ್ಪದೆ ಏರಿದವರೂ 44ಕ್ಕೆ ಅರ್ಹರಾಗಿ ಇನ್ನೂ ಎರಡು ವರ್ಷ ಕಾಯಬೇಕು. ಎಂಟನೇ ದಾನ್ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರು ನೂರಕ್ಕೆ ಒಬ್ಬರ ಆಸುಪಾಸು. ಒಂಬತ್ತು, ಹತ್ತನೇ ದಾನ್ ಹಿಂದೆ ಇದ್ದವು, ಈಗ ಕೊಡುವುದಿಲ್ಲ. ಹಳೆಯ ಗುರುಗಳ ಹೆಸರಿನ ಜೊತೆ “ಹತ್ತನೇ ದಾನ್” ಎಂದು ಕಂಡರೆ ಅದನ್ನು ತಿದ್ದಲು ಹೋಗಬೇಡಿ. ಈ ಕಾಯುವ ಅವಧಿಯನ್ನು ‘ಸೇವಾವಧಿ’ ಎಂದು ಕರೆಯುವುದೂ ಬೇಡ. ಅವಧಿ ಮುಗಿದರೆ ಸಿಗುವುದು ಪರೀಕ್ಷೆಗೆ ಕೂರುವ ಅರ್ಹತೆಯಷ್ಟೇ. ಅದಕ್ಕಾಗಿಯೇ ‘ಬಡ್ತಿ’ಯೂ ಸಲ್ಲದು.

ಮೂರನೇ ವಾಕ್ಯದಲ್ಲಿ ನಿಜವಾದ ತಪ್ಪಿದೆ. ದಾನ್ ಪರೀಕ್ಷೆಯಲ್ಲಿ ಪಂದ್ಯವೇ ಇಲ್ಲ. ಬಾವುಟ ಹಿಡಿದ ತೀರ್ಪುಗಾರರಿಲ್ಲ, ಅಂಕವಿಲ್ಲ, ಗೆಲುವು ಸೋಲಿಲ್ಲ. ಸರಿಸುಮಾರು ಒಂದೇ ವಯಸ್ಸಿನ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಒಂದು ನಿಮಿಷದ ಆಸುಪಾಸು ಸೆಣಸಬೇಕು. ಪ್ರತಿಯೊಬ್ಬರೂ ಹೀಗೆ ಇಬ್ಬರ ಜೊತೆ ಸೆಣಸುತ್ತಾರೆ. ಮೇಜಿನ ಹಿಂದೆ ಸಾಲಾಗಿ ಕುಳಿತ ಪರೀಕ್ಷಕರು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೌದು ಇಲ್ಲ ಎಂದು ಗುರುತು ಹಾಕುತ್ತಾರೆ, ಬಹುಮತ ಬಂದವರು ಪಾಸು. ಹೀಗಾಗಿ ಎದುರುಬದುರು ನಿಂತ ಇಬ್ಬರೂ ಪಾಸಾಗಬಹುದು, ಇಬ್ಬರೂ ಫೇಲಾಗಬಹುದು. ಹೆಚ್ಚು ಏಟು ತಾಗಿಸಿದವರೇ ಫೇಲಾಗುವುದೂ ಸಾಮಾನ್ಯ. ‘ಎದುರಾಳಿಯನ್ನು ಮಣಿಸಿ’ ಎಂಬ ಕ್ರೀಡಾಪುಟದ ಮಾತು ಇಲ್ಲಿ ಸಲ್ಲದು. “ಎರಡು ಎದುರುಸೆಣಸಿನಲ್ಲಿ ಪರೀಕ್ಷಕರ ಒಪ್ಪಿಗೆ ಗಳಿಸಿ ಐದನೇ ದಾನ್‌ಗೆ ತೇರ್ಗಡೆಯಾದರು” ಎಂದು ಬರೆಯಿರಿ.

ಪರೀಕ್ಷಕರು ನೋಡುವುದು ಏನನ್ನು ಎಂಬ ಭಾಗವೂ ನಿಮ್ಮ ಲೇಖನದಲ್ಲಿದ್ದರೆ ಪದಗಳನ್ನು ಜೋಪಾನವಾಗಿ ಆರಿಸಿ. ಮೊದಲ ಮೂರು ದಾನ್‌ಗಳಲ್ಲಿ ಉಡುಪು, ನಡಾವಳಿ, ನಿಲುವು, ಮೂಲಪಾಠಕ್ಕೆ ತಕ್ಕ ಹೊಡೆತ, ಹುರುಪು. ನಾಲ್ಕು, ಐದಕ್ಕೆ ಪಳಗಿದ ಕೈ ಮತ್ತು ಸೆಣಸಾಟದ ಲೆಕ್ಕಾಚಾರ ಸೇರುತ್ತವೆ. ಆರರಿಂದ ಮೇಲೆ ‘ರಿಯೈ’ ಎಂಬ ಒಳತರ್ಕ, ‘ಫೂಕಕು’ ಎಂಬ ಗತ್ತು, ‘ಹಿನ್‌ಇ’ ಎಂಬ ಘನತೆ. ಉಡುಪು ಎಂದಾಗ ಬಟ್ಟೆ ಶುಚಿಯಾಗಿದೆಯೇ ಎಂದಷ್ಟೇ ಅಲ್ಲ. ಶಿರಸ್ತ್ರಾಣದ ದಾರದ ತುದಿಗಳು ಗಂಟಿನಿಂದ 40 ಸೆಂಟಿಮೀಟರ್ ಮೀರಬಾರದು, ಎರಡೂ ಸಮ ಇರಬೇಕು. ಹಕಾಮದ (ನೆರಿಗೆಯ ಅಗಲ ಕೆಳ ಉಡುಪಿನ) ಅಂಚು ಮುಂದೆ ತುಸು ಇಳಿದು ಹಿಂದೆ ತುಸು ಏರಿರಬೇಕು. ಅಂಗಿಯ ಬೆನ್ನು ಉಬ್ಬಿರಬಾರದು. ಇವು ಕೆಟ್ಟರೆ ಶಿನೈ ಎಂಬ ಬಿದಿರಿನ ಕತ್ತಿ ಎತ್ತುವ ಮೊದಲೇ ಪರೀಕ್ಷಕರಿಗೆ ಅಭ್ಯಾಸದ ಸಡಿಲು ಕಂಡುಹೋಗಿರುತ್ತದೆ.

ಆಮೇಲಿನ ದೊಡ್ಡ ತಪ್ಪು ಆತುರ. ಒಂದೇ ನಿಮಿಷ ಇದೆಯೆಂದು ಎದುರಿನವರ ನಿಲುವು ಕದಲುವ ಮೊದಲೇ ಮೇಲೆ ಬೀಳುತ್ತಾರೆ. ಹೊಡೆತ ತಾಗಿದರೂ ಅದಕ್ಕೆ ಎಡೆ ಮಾಡಿಕೊಂಡಿರಲಿಲ್ಲವಾದ್ದರಿಂದ ಬೆಲೆ ಇಲ್ಲ. ಮುನ್ನೊತ್ತಿ ಎಡೆ ಮಾಡಿಕೊಳ್ಳುವುದಕ್ಕೆ ಅಲ್ಲಿ ‘ಸೆಮೆ’ ಎನ್ನುತ್ತಾರೆ. ‘ಆಕ್ರಮಣ’ ಎಂದು ಅನುವಾದಿಸಿದರೆ ಹೊಡೆತವೇ ಎಂದು ತಿಳಿಯುತ್ತಾರೆ. ‘ಒತ್ತಡ’, ‘ಮುನ್ನೊತ್ತು’ ಎಂದರೆ ಸರಿ. ಹೊಡೆದಾದ ಮೇಲೂ ಎಚ್ಚರ ಸಡಿಲಿಸದಿರುವುದು ‘ಜಾನ್ಶಿನ್’. ತಾಗಿತೆಂದು ಹಿಗ್ಗಿ ಬೆನ್ನು ತಿರುಗಿಸಿದರೆ ಆ ಹೊಡೆತ ಲೆಕ್ಕಕ್ಕೇ ಇಲ್ಲ.

ಕೊನೆಗೆ ಕ್ಯೋಶಿ. ರೆನ್ಶಿ, ಕ್ಯೋಶಿ, ಹಾನ್ಶಿ ಈ ಮೂರೂ ದಾನ್ ಸಾಲಿನವಲ್ಲ. ಅವು ‘ಶೋಗೋ’ ಎಂಬ ಬೇರೆ ಸಾಲು, ಇದಕ್ಕೆ ‘ಬಿರುದು’ ಒಪ್ಪುತ್ತದೆ. ರೆನ್ಶಿಗೆ ಆರನೇ ದಾನ್, ಕ್ಯೋಶಿಗೆ ರೆನ್ಶಿಯ ಜೊತೆ ಏಳನೇ ದಾನ್, ಹಾನ್ಶಿಗೆ ಕ್ಯೋಶಿಯ ಜೊತೆ ಎಂಟನೇ ದಾನ್ ಬೇಕು. ದಾನ್ ಕೈಯ ಪಳಗಿಕೆಯನ್ನು ಅಳೆದರೆ, ಬಿರುದು ಕಲಿಸುವ ಸಾಮರ್ಥ್ಯ, ತಿಳಿವಳಿಕೆ, ನಡತೆಗಳನ್ನು ಅಳೆಯುತ್ತದೆ. ಏಳನೇ ದಾನ್‌ನವರು ಕೆಲವರಿಗೆ ಯಾವ ಬಿರುದೂ ಇರುವುದಿಲ್ಲ. “ಕ್ಯೋಶಿ, ಏಳನೇ ದಾನ್” ಎಂದು ಎರಡನ್ನೂ ಪಕ್ಕಪಕ್ಕ ಬರೆಯುವುದು ಅಲ್ಲಿನ ರೂಢಿ, ಕನ್ನಡದಲ್ಲೂ ಹಾಗೇ ಇರಲಿ. ‘ಸೆನ್ಸೈ’ ಬಿರುದಲ್ಲ, ಗುರುಗಳನ್ನು ಕರೆಯುವ ಮಾತು. ಅದನ್ನು ಈ ಸಾಲಿಗೆ ಸೇರಿಸಬೇಡಿ.

ಮತ್ತೊಂದು ಉತ್ತರ

ಮೇಲಿನವರು ಕತಾ ಬಗ್ಗೆ ಹೇಳಲಿಲ್ಲ, ಅದಕ್ಕೆ ಇಷ್ಟು ಸೇರಿಸುತ್ತೇನೆ. ಕತಾ ಎಂದೇ ಬರೆದರೆ ‘ಕಥಾ’ ಎಂದು ಅಚ್ಚಾಗುವ ಅಪಾಯವಿದೆ. ಗರಡಿಯವರ ‘ವರಸೆ’ ಇಲ್ಲಿಗೆ ಹೇಳಿ ಮಾಡಿಸಿದ ಪದ. ಕತ್ತಿವರಸೆ, ಕೋಲುವರಸೆ ಎಂದಾಗ ಗೊತ್ತುಪಡಿಸಿದ ಹೆಜ್ಜೆ, ಗೊತ್ತುಪಡಿಸಿದ ಏಟು ಎಂಬ ಅರ್ಥ ಆಗಲೇ ಇದೆ. ‘ಪಟ್ಟು’ ಎನ್ನಬಾರದು, ಅದು ಒಂದೇ ಹಿಡಿತ ಅಥವಾ ಚಲನೆ; ಬೇಕಿದ್ದರೆ ‘ವಜಾ’ (ಒಂದೊಂದು ಬಿಡಿ ಕೌಶಲ) ಎಂಬುದಕ್ಕೆ ಬಳಸಿ. ವಜಾ ಎಂದೇ ಉಳಿಸಿದರೆ ಕೆಲಸದಿಂದ ತೆಗೆದ ಅರ್ಥ ಬಂದುಬಿಡುತ್ತದೆ.

ಕೆಂಡೋ ವರಸೆಗಳು ಒಟ್ಟು ಹತ್ತು, 1912ರಲ್ಲಿ ಗೊತ್ತುಪಡಿಸಿದವು. ಏಳು ಉದ್ದಕತ್ತಿಯವು. ಉಳಿದ ಮೂರರಲ್ಲಿ ಒಬ್ಬರ ಕೈಯಲ್ಲಿ ಗಿಡ್ಡಕತ್ತಿ. ಇವನ್ನು ಬಿದಿರಿನ ಶಿನೈಯಿಂದಲ್ಲ, ಬೊಕುತೊ ಎಂಬ ಮರದ ಕತ್ತಿಯಿಂದ ಮಾಡುತ್ತಾರೆ. ಸಾಮಾನ್ಯವಾಗಿ ಶೊದಾನ್‌ಗೆ ಮೊದಲ ಮೂರು, ಎರಡನೇ ದಾನ್‌ಗೆ ಐದು, ಮೂರಕ್ಕೆ ಏಳು, ನಾಲ್ಕರಿಂದ ಹತ್ತೂ ಕೇಳುತ್ತಾರೆ. ಸೆಣಸಿನಲ್ಲಿ ಪಾಸಾದವರಿಗೆ ಮಾತ್ರ ವರಸೆಯ ಸರದಿ ಬರುವುದು ಹೆಚ್ಚು ಕಡೆ ಇರುವ ಕ್ರಮ.

ಇಬ್ಬರು ಸೇರಿ ಮಾಡುವ ವರಸೆಯಲ್ಲಿ ಮೊದಲು ಹೊಡೆಯುವವರು ‘ಉಚಿದಾಚಿ’, ಅದಕ್ಕೆ ಉತ್ತರವಾಗಿ ಹೊಡೆಯುವವರು ‘ಶಿದಾಚಿ’. ಇವರನ್ನು ‘ದಾಳಿಕೋರ’, ‘ರಕ್ಷಕ’ ಎಂದು ಅನುವಾದಿಸಿದ್ದನ್ನು ಕಂಡರೆ ಬಿಡಬೇಡಿ, ತಿದ್ದಿ. ಉಚಿದಾಚಿ ಇಲ್ಲಿ ಗುರುಸ್ಥಾನ, ಹಿರಿಯರ ಪಾತ್ರ. ಎಡೆ ಕೊಟ್ಟು, ಹೊಡೆಸಿಕೊಂಡು ಕಲಿಸುವವರು. ‘ಹಿರಿಯ’, ‘ಕಿರಿಯ’ ಎಂದರೆ ಕನ್ನಡಕ್ಕೂ ಸಲೀಸು, ಅರ್ಥಕ್ಕೂ ಸರಿ. ಮೊದಲ ವರಸೆಯಲ್ಲಿ ಇಬ್ಬರೂ ಕತ್ತಿಯನ್ನು ತಲೆಯ ಮೇಲೆ ಎತ್ತಿಹಿಡಿದು ಹತ್ತಿರವಾಗುತ್ತಾರೆ. ಹಿರಿಯರು ನೆತ್ತಿಗೆ ಹೊಡೆಯುತ್ತಾರೆ. ಕಿರಿಯರು ಹಿಂದಕ್ಕೆ ಸರಿದು ಆ ಹೊಡೆತ ಗಾಳಿಗೆ ಹೋಗುವಂತೆ ಮಾಡಿ, ಮುಂದೆ ಬಂದು ಅವರ ನೆತ್ತಿಗೆ ಹೊಡೆಯುತ್ತಾರೆ. ಹಿರಿಯರ ಹೊಡೆತ ನಿಜವಾಗಿ ತಾಗುವಷ್ಟು ಉದ್ದಕ್ಕೆ ಬರಬೇಕು. ತಾಗಲಾರದೆಂದು ಮೊದಲೇ ಗೊತ್ತಿರುವುದರಿಂದ ಹೊಡೆತವನ್ನು ಗಿಡ್ಡ ಮಾಡುವುದು ಒಂದು ತಪ್ಪು, ಹೊಡೆತ ಹೊರಡುವ ಮೊದಲೇ ಕಿರಿಯರು ಸರಿದುಬಿಡುವುದು ಇನ್ನೊಂದು. ಈ ಎರಡು ತಪ್ಪುಗಳಲ್ಲಿ ಯಾವುದೊಂದು ಆದರೂ ವರಸೆ ಬರೀ ಕವಾಯತಾಗುತ್ತದೆ. ನಿಮ್ಮ ಅನುವಾದದಲ್ಲಿ “ಹೊಡೆತ ತಪ್ಪುತ್ತದೆ” ಎಂದಿದ್ದರೆ ಅದನ್ನೂ “ಹೊಡೆತವನ್ನು ತಪ್ಪಿಸುತ್ತಾರೆ” ಎಂದು ಮಾಡಿಕೊಳ್ಳಿ. ತಪ್ಪುವಂತೆ ಮಾಡುವುದು ಕಿರಿಯರ ಕೆಲಸ.