ಎಲೈಸಾದಲ್ಲಿ (ಆಂಟಿಬಾಡಿ ಅಂಟಿದರೆ ಬಣ್ಣ ಬರುವ ಪರೀಕ್ಷೆ) ಕಡು ಹಳದಿ, ಬ್ಯಾಕ್ಟೀರಿಯಾ ಮೇಲೆ ಏನೂ ಇಲ್ಲ. ಈ ಕ್ಲೋನ್‌ಗಳನ್ನು ಏನು ಮಾಡಲಿ?

ಪ್ರಶ್ನೆ

ಸಾಲ್ಮೊನೆಲ್ಲಾದ ಒಂದು ಹೊರಪೊರೆಯ ಪ್ರೋಟೀನ್ ಪತ್ತೆಗೆ ಮಾನೋಕ್ಲೋನಲ್ ಆಂಟಿಬಾಡಿ (ಒಂದೇ ಕೋಶದ ಸಂತತಿ, ಅಂದರೆ ಒಂದು ಕ್ಲೋನ್, ಮಾಡುವ ಒಂದೇ ಬಗೆಯ ಆಂಟಿಬಾಡಿ) ಮಾಡುತ್ತಿದ್ದೇವೆ. ಪ್ರೋಟೀನನ್ನು ಇ. ಕೋಲಿಯಲ್ಲಿ ಹಿಸ್ ಟ್ಯಾಗ್ (ಶುದ್ಧ ಮಾಡಲು ಅಂಟಿಸುವ ಹಿಸ್ಟಿಡಿನ್ ಬಾಲ) ಸೇರಿಸಿ ತಯಾರಿಸಿದ್ದು. ಇನ್‌ಕ್ಲೂಷನ್ ಬಾಡಿಯಾಗಿ (ಕರಗದ ಮುದ್ದೆಯಾಗಿ) ಬಂತು, ಹಾಗಾಗಿ 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ, ನಿಕ್ಕಲ್ ಕಾಲಮ್‌ನಲ್ಲಿ ಶುದ್ಧ ಮಾಡಿ ಇಲಿಗಳಿಗೆ ಕೊಟ್ಟೆವು. ಫ್ಯೂಷನ್ (ಇಲಿಯ ಆಂಟಿಬಾಡಿ ಕೋಶಗಳನ್ನು ಕ್ಯಾನ್ಸರ್ ಕೋಶಗಳ ಜೊತೆ ಬೆಸೆಯುವುದು) ಚೆನ್ನಾಗೇ ಆಯಿತು. ಅದೇ ಪ್ರೋಟೀನ್ ಕೋಟ್ ಮಾಡಿದ ಪ್ಲೇಟಿನಲ್ಲಿ ಎಷ್ಟೋ ವೆಲ್‌ಗಳು (ಗುಳಿಗಳು) ಕಡು ಹಳದಿ. ಇಡೀ ಬ್ಯಾಕ್ಟೀರಿಯಾ ಕೋಟ್ ಮಾಡಿದರೆ ಒಂದರಲ್ಲೂ ಬಣ್ಣ ಇಲ್ಲ. ಮತ್ತೆ ಇಲಿಯಿಂದಲೇ ಶುರು ಮಾಡಬೇಕಾ?

ಉತ್ತರ 1

ಮೊದಲು ಎಲ್ಲವನ್ನೂ ಫ್ರೀಜ್ ಮಾಡಿ, ಆಮೇಲೆ ಯೋಚಿಸೋಣ.

ಆ ಹಳದಿ ನಿಮ್ಮ ಪ್ರೋಟೀನಿನದೇ ಅಂತ ಹೇಳೋಕಾಗಲ್ಲ. ಇಲಿಗೆ ಹೋದದ್ದರಲ್ಲಿ ಹಿಸ್ ಟ್ಯಾಗ್ ಇದೆ, ಕಾಲಮ್‌ನಲ್ಲಿ ಜೊತೆಗೇ ಇಳಿದ ಇ. ಕೋಲಿ ಪ್ರೋಟೀನುಗಳೂ ಇವೆ, ಪ್ಲೇಟಿಗೆ ಹಾಕಿದ್ದೂ ಅದನ್ನೇ ಅಲ್ವಾ? ಸಂಬಂಧವೇ ಇಲ್ಲದ ಇನ್ನೊಂದು ಹಿಸ್ ಟ್ಯಾಗ್ ಪ್ರೋಟೀನನ್ನು ಹೀಗೇ ತಯಾರಿಸಿ ಪಕ್ಕದಲ್ಲಿ ಕೋಟ್ ಮಾಡಿ. ಅಲ್ಲೂ ಹಳದಿಯಾದ ವೆಲ್ ಬಿಟ್ಟುಬಿಡಿ. ನಿಮ್ಮ ಪ್ರೋಟೀನನ್ನೇ ಜಿಎಸ್‌ಟಿ (ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್) ಎಂಬ ಬೇರೆ ಟ್ಯಾಗ್ ಜೊತೆ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಉತ್ತರ 2

ಟ್ಯಾಗ್ ಮಾತು ಸರಿ, ಆದರೆ ನನಗೆ ಜಾಸ್ತಿ ಅನುಮಾನ ಯೂರಿಯಾ ಮೇಲೆ. ಮಡಿಕೆ ಬಿಚ್ಚಿಹೋದ ಪ್ರೋಟೀನನ್ನು ನೋಡಿ ಹುಟ್ಟಿದ ಆಂಟಿಬಾಡಿಗೆ, ಪೊರೆಯಲ್ಲಿ ಮಡಿಚಿ ಕೂತಿರುವ ಪ್ರೋಟೀನ್ ಗುರುತೇ ಸಿಗದಿರಬಹುದು. ಸಾಲದ್ದಕ್ಕೆ ಸಾಲ್ಮೊನೆಲ್ಲಾ ಮೈಮೇಲಿನ ಉದ್ದನೆಯ ಓ-ಆಂಟಿಜೆನ್ ಎಂಬ ಸಕ್ಕರೆ ಸರಪಳಿಗಳು ಹೊರಪೊರೆಯ ಪ್ರೋಟೀನುಗಳನ್ನು ಮುಚ್ಚಿಬಿಡುತ್ತವೆ.

ಬ್ಯಾಕ್ಟೀರಿಯಾವನ್ನು ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಜೊತೆ ಕುದಿಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಅಳತೆ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಹುಡುಕುವುದು) ಮಾಡಿ. ಸರಿಯಾದ ಅಳತೆಯಲ್ಲಿ ಒಂದೇ ಬ್ಯಾಂಡ್ ಬಂದರೆ ಆ ಕ್ಲೋನ್ ಕೆಲಸಕ್ಕೆ ಬರುತ್ತದೆ. ನಿಮ್ಮ ಸ್ಯಾಂಪಲ್ ಹೇಗೂ ಕುದಿಸುವಂಥದ್ದಾದರೆ, ಜೀವಂತ ಬ್ಯಾಕ್ಟೀರಿಯಾಕ್ಕೆ ಅಂಟಬೇಕು ಅಂತ ಹಟ ಯಾಕೆ?

ಪ್ರಶ್ನೆ ಕೇಳಿದವರು

ಸ್ಯಾಂಪಲ್ ಕುದಿಸಿಯೇ ಪರೀಕ್ಷೆ ಮಾಡುವುದು! ಸ್ಕ್ರೀನಿಂಗ್ ಮಾತ್ರ ಕುದಿಸದೆ ಮಾಡುತ್ತಿದ್ದೆವು. ನಾಳೆಯೇ ಕುದಿಸಿದ ಲೈಸೇಟ್ (ಒಡೆದ ಬ್ಯಾಕ್ಟೀರಿಯಾದ ದ್ರವ) ಕೋಟ್ ಮಾಡುತ್ತೇನೆ.

ಉತ್ತರ 3

ಅದೇ ಪ್ಲೇಟಿನಲ್ಲಿ ಸಾಲ್ಮೊನೆಲ್ಲಾದ ನೆಂಟರಾದ ಇ. ಕೋಲಿ, ಸಿಟ್ರೊಬ್ಯಾಕ್ಟರ್ ಲೈಸೇಟ್‌ಗಳಿಗೂ ಒಂದೊಂದು ಸಾಲು ಬಿಡಿ. ಹೊರಪೊರೆಯ ಪ್ರೋಟೀನುಗಳು ಈ ಕುಟುಂಬದಲ್ಲಿ ಒಂದನ್ನೊಂದು ತುಂಬಾ ಹೋಲುತ್ತವೆ, ಕ್ಲೋನ್ ಬೆಳೆಸಿ ಶುದ್ಧ ಮಾಡಿದ ಮೇಲೆ ಅದು ಇವಕ್ಕೂ ಅಂಟುತ್ತದೆ ಅಂತ ಗೊತ್ತಾದರೆ ಅಷ್ಟೂ ಶ್ರಮ ವ್ಯರ್ಥ. ಉಳಿದವುಗಳಲ್ಲಿ ಐಜಿಜಿ ಯಾವುದು, ಐಜಿಎಂ ಯಾವುದು (ಇವು ಆಂಟಿಬಾಡಿಯ ಎರಡು ವರ್ಗ) ನೋಡಿಕೊಳ್ಳಿ, ಐಜಿಎಂ ಶುದ್ಧ ಮಾಡುವುದು ಕಷ್ಟ. ಲಿಮಿಟಿಂಗ್ ಡೈಲ್ಯೂಷನ್ (ಒಂದು ವೆಲ್‌ಗೆ ಒಂದೇ ಕೋಶ ಬೀಳುವಷ್ಟು ತೆಳು ಮಾಡಿ ಬೆಳೆಸುವುದು) ಎರಡು ಸಲವಾದರೂ ಮಾಡಿ, ಹೊಸ ಹೈಬ್ರಿಡೋಮಾಗಳು (ಬೆಸೆದ ಕೋಶಗಳು) ಕ್ರೋಮೋಸೋಮ್ ಕಳೆದುಕೊಂಡು ಆಂಟಿಬಾಡಿ ಮಾಡುವುದನ್ನೇ ನಿಲ್ಲಿಸಿಬಿಡಬಹುದು. ಸ್ಯಾಂಡ್‌ವಿಚ್ ಎಲೈಸಾ (ಪ್ರೋಟೀನನ್ನು ಎರಡು ಆಂಟಿಬಾಡಿಗಳ ನಡುವೆ ಹಿಡಿಯುವ ಬಗೆ) ಮಾಡುವ ಯೋಚನೆ ಇದ್ದರೆ ಬೇರೆ ಬೇರೆ ಜಾಗಕ್ಕೆ ಅಂಟುವ ಎರಡು ಕ್ಲೋನ್ ಬೇಕು, ಒಂದು ಸಿಕ್ಕಿತು ಅಂತ ಉಳಿದದ್ದನ್ನು ಬಿಸಾಡಬೇಡಿ.