ಏಜೆಂಟ್ ಹತ್ರ ಎಷ್ಟು ಕೇಳ್ಬಹುದು, ಎಷ್ಟು ದಿನ ಸುಮ್ನಿರ್ಬೇಕು?

ಮೊದಲಕರಡು:
ಎಲ್ಲರಿಗೂ ನಮಸ್ಕಾರ. ಕಾದಂಬರಿಗೆ ಏಜೆಂಟ್ (ಅಂದ್ರೆ ಹಸ್ತಪ್ರತಿನ ಪ್ರಕಾಶನ ಸಂಸ್ಥೆಗಳ ಎಡಿಟರ್‌ಗಳಿಗೆ ತೋರಿಸಿ ಮಾರಿಸೋರು) ಸಿಕ್ಕಿ 7 ತಿಂಗಳಾಯ್ತು. ಸಿಕ್ಕಿದ ದಿನ ಖುಷಿಗೆ ನಿದ್ದೆನೇ ಬರ್ಲಿಲ್ಲ, ಯಾಕಂದ್ರೆ ಅದಕ್ಕೂ ಮೊದ್ಲು 40ಕ್ಕೂ ಹೆಚ್ಚು ಜನ ಬೇಡ ಅಂದಿದ್ರು, ಕೆಲವರಂತೂ ಉತ್ತರಾನೇ ಕೊಟ್ಟಿರ್ಲಿಲ್ಲ. ಶುರುನಲ್ಲಿ ಎಲ್ಲ ಚೆನ್ನಾಗಿತ್ತು. ಹಸ್ತಪ್ರತಿ ಓದಿ 6 ಪುಟದ ಪತ್ರ ಬರೆದ್ರು, ಎಲ್ಲಿ ಕಥೆ ಜೋತು ಬೀಳುತ್ತೆ, ಯಾವ ಪಾತ್ರ ಇಲ್ದೇ ಇದ್ರೂ ನಡೆಯುತ್ತೆ ಅಂತೆಲ್ಲ, ಅದ್ರಲ್ಲಿ ಮುಕ್ಕಾಲು ಪಾಲು ಸರೀನೇ ಇತ್ತು, ಕೂತು ತಿದ್ದಿ ಕೊಟ್ಟೆ. ಆಮೇಲೆ "ಎಡಿಟರ್‌ಗಳಿಗೆ ಕಳ್ಸಿದೀನಿ" ಅಂತ ಒಂದು ಸಾಲಿನ ಮೇಲ್ ಬಂತು. ಅಷ್ಟೇ. ಇವತ್ತಿಗೆ 11 ವಾರ.

ಯಾರಿಗೆ ಕಳ್ಸಿದ್ದಾರೆ, ಯಾರಾದ್ರೂ ಬೇಡ ಅಂದ್ರಾ, ಏನೂ ಗೊತ್ತಿಲ್ಲ. ನಿನ್ನೆ ರಾತ್ರಿ "ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ" ಅಂತ ಶುರು ಮಾಡಿ ಮೂರು ಸಲ ಬರೆದು ಮೂರು ಸಲವೂ ಅಳಿಸ್ದೆ. ಜಾಸ್ತಿ ಕೇಳಿದ್ರೆ ಬೇಜಾರಾಗಿ ಕೈಬಿಟ್ಬಿಟ್ರೆ ಅಂತ ಭಯ. ಇನ್ನೊಂದು ವಿಷ್ಯ, ಈ ಮಧ್ಯೆ ಎರಡನೇದು ಬರೆಯೋಕೆ ಕೂತಿದೀನಿ, ಮೊದಲನೇದು ಮನೆತನದ ಕಥೆ, ಇದು ಪತ್ತೇದಾರಿ. ಈಗ್ಲೇ ಹೇಳ್ಬೇಕಾ, ಮುಗಿದ್ಮೇಲೆ ಹೇಳ್ಬೇಕಾ? ಅನುಭವ ಇದ್ದೋರು ದಯವಿಟ್ಟು ಹೇಳಿ.

ಅಂಚಿನಟಿಪ್ಪಣಿ:
ಮೊದ್ಲು ಆ "ಕ್ಷಮಿಸಿ" ತೆಗೆದುಹಾಕಿ. ನೀವು ಉಪಕಾರ ಕೇಳ್ತಿಲ್ಲ, ನಿಮ್ಮ ಕೆಲಸ ಎಲ್ಲಿವರೆಗೆ ಬಂತು ಅಂತ ಕೇಳ್ತಿದೀರಿ. ಏಜೆಂಟ್‌ಗೆ ದುಡ್ಡು ಬರೋದು ಪುಸ್ತಕ ಮಾರಾಟ ಆದ್ರೆ ಮಾತ್ರ, ಸಾಮಾನ್ಯವಾಗಿ 100 ಬಂದ್ರೆ 15 ಅವರದ್ದು 85 ನಿಮ್ಮದು, ಅನುವಾದದ ಹಕ್ಕಾದ್ರೆ ಅಲ್ಲಿಯ ಇನ್ನೊಬ್ಬ ಏಜೆಂಟ್‌ಗೂ ಪಾಲು ಹೋಗೋದ್ರಿಂದ ಹೆಚ್ಚಾಗಿ 20 ಇರುತ್ತೆ. ಅಂದ್ರೆ 6 ಪುಟದ ಪತ್ರ ಬರೆಯೋಕೆ ಅವ್ರು ಕೂತಿದ್ದಷ್ಟು ಹೊತ್ತೂ ಒಂದು ಕಾಸು ಬರದೆ ಮಾಡಿದ ಕೆಲಸ. ಅಷ್ಟು ಮಾಡಿದೋರು ಒಂದು ಮೇಲ್ ಬಂತು ಅಂತ ಕೈಬಿಡಲ್ಲ. (ಓದೋಕೇ ಫೀಸ್ ಕೇಳೋರು ಬೇರೆ ಜಾತಿ, ಅವರಿಂದ ದೂರ ಇರಿ. ಅಮೆರಿಕದ ಏಜೆಂಟರ ಸಂಘದ ನೀತಿಸಂಹಿತೆನೇ ಅದನ್ನ ಒಪ್ಪಲ್ಲ.)

11 ವಾರ ನನ್ನ ಪ್ರಕಾರ ಗಾಬರಿ ಆಗೋ ಅಷ್ಟಲ್ಲ. ಒಬ್ಬ ಎಡಿಟರ್‌ಗೆ ಇಷ್ಟ ಆದ್ರೂ ಅವ್ರು ಜೊತೆಯೋರಿಗೆ ಓದಿಸ್ಬೇಕು, ಆಮೇಲೆ ಮಾರಾಟದ ಕಡೆಯೋರೂ ಇರೋ ಮೀಟಿಂಗಲ್ಲಿ ಇಟ್ಟು ಒಪ್ಪಿಸ್ಬೇಕು, ಅಲ್ಲಿ ಎಷ್ಟು ಪ್ರತಿ ಹೋಗ್ಬಹುದು ಅಂತ ಲೆಕ್ಕ ಹಾಕಿ ಬೇಡ ಅನ್ನೋದೂ ಉಂಟು. ಆದ್ರೆ ಸುದ್ದಿ ಇಲ್ಲದೇ ಇರೋದು ಬೇರೆ, ಸುದ್ದಿ ಇದ್ದೂ ನಿಮಗೆ ಹೇಳದೇ ಇರೋದು ಬೇರೆ. ನೀವು ಕೇಳ್ಬೇಕಾಗಿರೋದು ಪಟ್ಟಿ. ಯಾವ ಸಂಸ್ಥೆಯ ಯಾವ ಎಡಿಟರ್‌ಗೆ, ಯಾವ ದಿನ ಹೋಯ್ತು, ಏನಂದ್ರು.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಮೊದಲನೇ ಏಜೆಂಟ್ ಹತ್ರ ಎರಡು ವರ್ಷ ಮರ್ಯಾದೆಗೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಬಿಟ್ಟು ಬೇರೆಯೋರ ಹತ್ರ ಹೋದಾಗ ಅವ್ರು ಕೇಳಿದ ಮೊದಲನೇ ಪ್ರಶ್ನೆನೇ "ಇದನ್ನ ಯಾರ್ಯಾರು ನೋಡಿದ್ದಾರೆ" ಅಂತ. ನನ್ನ ಹತ್ರ ಉತ್ತರ ಇಲ್ಲ. ಒಂದ್ಸಲ ಬೇಡ ಅಂದ ಎಡಿಟರ್ ಅದೇ ಪುಸ್ತಕನ ಮತ್ತೆ ನೋಡೋದು ಬಹಳ ಕಮ್ಮಿ, ಹಾಗಾಗಿ ಪಟ್ಟಿ ಇಲ್ದೇ ಹೊಸ ಏಜೆಂಟ್ ಹೆಜ್ಜೆ ಇಡೋ ಹಾಗಿಲ್ಲ. ಹಳೇ ಏಜೆಂಟ್ ಹತ್ರ ಕೇಳಿ ಕೇಳಿ ತರಿಸ್ಕೊಂಡು ನೋಡಿದ್ರೆ ಎರಡು ವರ್ಷದಲ್ಲಿ ಹೋಗಿದ್ದು ಐದೇ ಕಡೆ. ಆರನೇ ತಿಂಗಳಲ್ಲಿ ಕೇಳಿದ್ರೆ ಆಗ್ಲೇ ಗೊತ್ತಾಗ್ತಿತ್ತು.

ಹೀಗೆ ಬರೀರಿ: "ನಮಸ್ತೆ, ಕಾದಂಬರಿ ಕಳ್ಸಿ 11 ವಾರ ಆಯ್ತು. ಇಲ್ಲಿವರೆಗೆ ಯಾರಿಗೆ ಹೋಗಿದೆ, ಯಾರಿಂದ ಉತ್ತರ ಬಂದಿದೆ ಅಂತ ಒಂದು ಪಟ್ಟಿ ಕಳ್ಸ್ತೀರಾ? ಮುಂದಿನ ಸುತ್ತಿನ ಬಗ್ಗೆ ಒಂದು 20 ನಿಮಿಷ ಫೋನಲ್ಲಿ ಮಾತಾಡೋಣ, ನಿಮಗೆ ಯಾವ ದಿನ ಅನುಕೂಲ?" ಇಷ್ಟು ಸಾಕು, ವಿವರಣೆ ಬೇಡ.

ರಾತ್ರಿಪಾಳಿ:
ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ಪಟ್ಟಿ ಕೇಳಿ ಸರಿ, ಆದ್ರೆ ತಿರಸ್ಕಾರದ ಮೇಲ್‌ಗಳನ್ನ ಪೂರ್ತಿ ಓದ್ಬೇಕಾ ಅಂತ ಯೋಚ್ನೆ ಮಾಡಿ. ನಾನು ಎಲ್ಲಾನೂ ಬಂದ ಹಾಗೇ ಕಳ್ಸಿ ಅಂದಿದ್ದೆ, ಒಬ್ರು ಭಾಷೆ ಚೆನ್ನಾಗಿದೆ ಕಥೆ ನಿಧಾನ ಅಂತ, ಮತ್ತೊಬ್ರು ಕಥೆ ಓಡ್ತಾ ಇದೆ ಭಾಷೆ ಹಿಡಿಸ್ಲಿಲ್ಲ ಅಂತ, ಅದನ್ನ ಓದಿ ಓದಿ ಹೊಸ ಕಾದಂಬರಿಯ ಒಂದು ಪುಟಾನೂ ಮುಂದೆ ಹೋಗ್ಲಿಲ್ಲ. ಆಮೇಲೆ ಏಜೆಂಟ್ ಜೊತೆ ಮಾತಾಡಿ ಒಂದು ಒಪ್ಪಂದಕ್ಕೆ ಬಂದ್ವಿ, ಪ್ರತಿ ತಿಂಗಳ ಮೊದಲ ವಾರ ಒಂದೇ ಮೇಲ್, ಇಬ್ಬರು ಮೂವರು ಒಂದೇ ದೋಷ ಹೇಳಿದ್ರೆ ಮಾತ್ರ ಅದರ ವಿವರ, ಒಳ್ಳೇ ಸುದ್ದಿ ಇದ್ರೆ ಆ ಕ್ಷಣವೇ ಫೋನ್. ಅಲ್ಲಿಂದ ನಾನೂ ದಿನಾ ಇನ್‌ಬಾಕ್ಸ್ ತೆಗೆದು ಕೂರೋದು ನಿಂತ್ಹೋಯ್ತು, ಅವ್ರಿಗೂ ನನ್ನ ಮೇಲ್ ನೋಡಿದ್ರೆ ಅಯ್ಯೋ ಅನ್ಸೋದು ತಪ್ಪಿತು.

ಎರಡನೇ ಪುಸ್ತಕದ ವಿಷ್ಯ ಈಗ್ಲೇ ಹೇಳಿ, ಕಾಯ್ಬೇಡಿ. ಕೆಲವು ಏಜೆಂಟ್‌ಗಳು ಪತ್ತೇದಾರಿ ಮುಟ್ಟೋದೇ ಇಲ್ಲ, ಅವ್ರಿಗೆ ಆ ಎಡಿಟರ್‌ಗಳ ಪರಿಚಯಾನೂ ಇರಲ್ಲ. ಎರಡು ವರ್ಷ ಬರೆದ್ಮೇಲೆ ಅದು ಗೊತ್ತಾದ್ರೆ ಇಬ್ಬರಿಗೂ ಕಷ್ಟ. ಬರೆಯೋ ಮುಂಚೆ ಅವರ ಅನುಮತಿ ಬೇಕು ಅಂತಲ್ಲ, ಏನು ಬರೀಬೇಕು ಅನ್ನೋದು ನಿಮ್ಮದೇ, ಅವರಿಗೆ ಗೊತ್ತಿರ್ಲಿ ಅಷ್ಟೇ.

ಸಹಿಮಾಡೋಮುನ್ನ:
ನಿಮ್ಮ ಅಗ್ರಿಮೆಂಟ್ ತೆಗೆದು ಇವತ್ತೇ ಓದಿ, ಮುಖ್ಯವಾಗಿ ಎರಡು ಕಡೆ. ಒಂದು, ಅದು ಈ ಒಂದು ಪುಸ್ತಕಕ್ಕಾ ಅಥವಾ ನೀವು ಬರೆಯೋ ಎಲ್ಲದಕ್ಕೂನಾ. ನಿಮ್ಮ ಪತ್ತೇದಾರಿ ಯಾರ ಕೈಗೆ ಹೋಗ್ಬೇಕು ಅನ್ನೋದು ಅಲ್ಲೇ ತೀರ್ಮಾನ ಆಗುತ್ತೆ. ಇನ್ನೊಂದು, ಬಿಡಬೇಕಾದ್ರೆ ಎಷ್ಟು ದಿನದ ನೋಟಿಸ್, ಸಾಮಾನ್ಯವಾಗಿ 30 ಅಥವಾ 60 ದಿನ ಇರುತ್ತೆ. ಬಿಟ್ಮೇಲೂ ಅವ್ರು ಮಾರಾಟ ಮಾಡಿಸಿದ ಪುಸ್ತಕದ ಕಮಿಷನ್ ಆ ಕರಾರು ಜೀವಂತ ಇರೋವರೆಗೂ ಅವರಿಗೇ ಹೋಗುತ್ತೆ, ಅದು ನ್ಯಾಯಾನೇ. ಆದ್ರೆ ಅವ್ರು ಮಾರದೇ ಇದ್ದ ಹಕ್ಕುಗಳ ಮೇಲೂ ಶಾಶ್ವತವಾಗಿ ಪಾಲು ಅಂತ ಬರೆದಿದ್ರೆ ಒಪ್ಪಬೇಡಿ.

ದುಡ್ಡಿನ ಮಾತೂ ಅಷ್ಟೇ, ಮೊದ್ಲೇ ಕೇಳಿ. ಅಡ್ವಾನ್ಸ್ (ಪ್ರಕಾಶಕರು ಮುಂಗಡವಾಗಿ ಕೊಡೋ ದುಡ್ಡು) ಒಂದೇ ಗಂಟಲ್ಲಿ ಬರಲ್ಲ, ಸಹಿ ಆದಾಗ ಒಂದಿಷ್ಟು, ತಿದ್ದಿದ ಹಸ್ತಪ್ರತಿ ಒಪ್ಪಿಕೊಂಡಾಗ ಒಂದಿಷ್ಟು, ಪುಸ್ತಕ ಹೊರಬಂದಾಗ ಒಂದಿಷ್ಟು, ಹೀಗೆ. ಪ್ರಕಾಶಕರು ಏಜೆಂಟ್‌ಗೆ ಕೊಡ್ತಾರೆ, ಅವ್ರು ಕಮಿಷನ್ ಹಿಡ್ಕೊಂಡು ಉಳಿದದ್ದು ನಿಮಗೆ. ಎಷ್ಟು ದಿನದೊಳಗೆ ಅಂತ ಅಗ್ರಿಮೆಂಟಲ್ಲಿ ಇರ್ಲಿ. ರಾಯಲ್ಟಿ (ಪುಸ್ತಕದ ಮಾರಾಟದಲ್ಲಿ ಲೇಖಕರ ಪಾಲು) ಲೆಕ್ಕ ಬಂದಾಗ ಪ್ರಕಾಶಕರ ಹಾಳೆಯ ಪ್ರತಿನೇ ಕೇಳಿ, ಏಜೆಂಟ್ ಟೈಪ್ ಮಾಡಿದ ಸಾರಾಂಶ ಅಲ್ಲ. ನಮ್ಮ ಏಜೆಂಟ್‌ನ ನಾನು ಹೀಗೆ ಕೇಳಿದಾಗ ಅವರೇ "ಕೇಳಿದ್ದು ಒಳ್ಳೇದಾಯ್ತು" ಅಂದ್ರು, ಆ ಹಾಳೇಲಿ ಆಡಿಯೋ ಹಕ್ಕಿನ ಬಾಬ್ತು ಬಿಟ್ಟುಹೋಗಿದ್ದು ಇಬ್ಬರೂ ಸೇರಿ ನೋಡಿದಾಗ್ಲೇ ಸಿಕ್ಕಿದ್ದು.

ಮೊದಲಕರಡು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಚಿನಟಿಪ್ಪಣಿಯವರು ಹೇಳಿದ ಹಾಗೇ ಬರೆದು ಸೋಮವಾರ ಕಳ್ಸಿದೆ, ಮಂಗಳವಾರ ಸಂಜೆ ಫೋನೇ ಬಂತು. 9 ಕಡೆ ಹೋಗಿದೆ, 4 ಜನ ಬೇಡ ಅಂದಿದ್ದಾರೆ, ಒಬ್ರು ಎರಡನೇ ಸಲ ಓದ್ತಿದ್ದಾರೆ. ಬೇಡ ಅಂದ ಸುದ್ದಿ ಒಂದೊಂದೇ ಹೇಳಿ ನನ್ನ ಮನಸ್ಸು ಕೆಡಿಸೋದು ಬೇಡ ಅಂತ ಸುಮ್ನಿದ್ರಂತೆ, ನಾನು ಅವ್ರಿಗೆ ಕಿರಿಕಿರಿ ಆಗ್ಬಾರ್ದು ಅಂತ ಸುಮ್ನಿದ್ದೆ. ಇನ್ಮುಂದೆ ತಿಂಗಳಿಗೊಂದು ಮೇಲ್ ಅಂತ ಮಾತಾಯ್ತು.

ಬೇಡ ಅಂದ ನಾಲ್ವರಲ್ಲಿ ಮೂವರು ಮೊದಲ 50 ಪುಟ ನಿಧಾನ ಅಂದಿದ್ದಾರಂತೆ. ಎರಡನೇ ಸುತ್ತಿಗೆ ಕಳ್ಸೋ ಮೊದ್ಲು ತಿದ್ದಿ ಕೊಡ್ತೀನಿ ಅಂದಿದೀನಿ. ಪತ್ತೇದಾರಿ ವಿಷ್ಯಾನೂ ಹೇಳ್ದೆ, ಮೂರು ಅಧ್ಯಾಯ ಆದ್ಮೇಲೆ ಕಳ್ಸಿ ನೋಡೋಣ ಅಂದ್ರು. ಅಗ್ರಿಮೆಂಟ್ ತೆಗೆದು ನೋಡಿದೆ, ನೋಟಿಸ್ 30 ದಿನ ಅಂತಿದೆ, ಆದ್ರೆ "ಈ ಕೃತಿ ಮತ್ತು ಮುಂದಿನ ಕೃತಿಗಳು" ಅಂತ ಬರೆದಿದೆ. ಸಹಿಮಾಡೋಮುನ್ನ ಅವರೇ, ಅದನ್ನ ಈಗ ಬದಲಾಯಿಸಿ ಅಂತ ಕೇಳ್ಬಹುದಾ?

ಸಹಿಮಾಡೋಮುನ್ನ:
ಖಂಡಿತ ಕೇಳ್ಬಹುದು. ಪತ್ತೇದಾರಿಯ ಮೂರು ಅಧ್ಯಾಯ ಕಳ್ಸೋ ದಿನವೇ ಕೇಳಿ. ಅವ್ರಿಗೆ ಹಿಡಿಸಿದ್ರೆ ಬದಲಾಯಿಸೋ ಅಗತ್ಯಾನೇ ಬರಲ್ಲ, ಹಿಡಿಸದಿದ್ರೆ ಆ ಒಂದು ಪುಸ್ತಕನ ಬೇರೆಯೋರಿಗೆ ಕೊಡೋಕೆ ಒಪ್ಪಿಗೆ ಇದೆ ಅಂತ ಮೇಲಲ್ಲಿ ಬರೆಸ್ಕೊಳ್ಳಿ, ಬಾಯಿಮಾತು ಬೇಡ.